ಹಳೇ ಶಾಕಪ್

ನಾಲ್ಕೇ ನಾಲ್ಕು ಇಂಚು
ಏರಿಸಿದ್ದು, ಆಣಿ ಮಾಡಿ ಹೇಳ್ತೀನಿ.
ಪಟ್ಟಿ ಮ್ಯಾಲ ಪಟ್ಟಿ ಇಟ್ಟು, ಉದ್ದನ ಶ್ಯಾಕಲ್ ಹಾಕಿಸಿ,
ಟೈರು ನಾಲ್ಕೂ ಬದಲಿಸಿ
ಶಾಹಾಬಾದ ಬಜಾರದಾಗ ಬಿಟ್ಟೆ ನೋಡ್ರಿ ಜೀಪು,
ಬ್ಯಾಂಕ್ ಮ್ಯಾನೇಜರ ಕಾರು ಬಾಜೂಕ ನಿಂತ್ರ
ಒಂಟಿ ಪಕ್ಕ ಆಡು ನಿಂತಂಗ.

ಎಂಬತ್ತು ಸಾವಿರ ಹೋತು ಅದಕ್ಕ.
ಶಾಕಪ್ ಬ್ಯಾರೆ ಹಾಕೂಣೇನು ಅಂತ ಕೇಳಿದ ಗೌಸ್ ಉಸ್ತಾದ್.
ಹಳೇವು ಸೋರ್ಲಿಕತ್ತಿಲ್ಲ, ಕಂಪನಿ ಮಾಲು, ನಡೀತದ ಬಿಡು ಅಂದೆ.
ಅವ ಬಟ್ಟಿಗೆ ಕೈ ಒರೆಸಿಕೊಂಡು ನಕ್ಕ.
ಯಾಕ ನಕ್ಕ ಅಂತ ಕೇಳಲಿಲ್ಲ ನಾ.

ಖಣಿಗೆ ಹೋಗೂ ದಾರಿ:
ಕಾಗಿಣಾ ದಾಟಿ, ಫರಸಿ ಚೂರಿನ ಗುಡ್ಡಿ ಬಳಸಿ,
ಲಾರಿ ತುಳಿದು ತುಳಿದು ಬಾನಿ ಆದ ನೆಲ.
ಅಂಬಾರಾಯ ಓಡಸ್ತಿದ್ದ. ಹನ್ನೊಂದು ವರ್ಷದಿಂದ ಅವನೇ.
ಮೊದಲು ಜೀಪು ಅಷ್ಟೇ. ಆಮ್ಯಾಲ ಹಾಜರಿ ಪುಸ್ತಕ,
ಆಮ್ಯಾಲ ಖಣಿ ಕೀಲಿ, ಲಾರಿ ಲೆಕ್ಕ, ಪಾಲಿಶ್ ಮಶೀನು.
ಹೋದ ವರ್ಷ ಸುಪರವೈಜರ್ ಅಂತ ಬೋರ್ಡೂ ಬರೆಸಿಕೊಟ್ಟೆ, ಹಸಿರು ಬಣ್ಣದಾಗ.
ಪಗಾರದ ಮಾತು ಈಗ ಬ್ಯಾಡ.
ಜೀಪಿನ ಮಾತು ಹೇಳ್ಲಿಕತ್ತೀನಿ.

ಎಡಗಡಿ ಮುಂದಿನ ಗಾಲಿ ತಗ್ಗಿಗೆ ಇಳೀತು.
ಇಳೀಲಿಲ್ಲ, ಇಳಿಬೇಕಂತ ಇತ್ತು ಅದಕ್ಕ.
ಸ್ಪ್ರಿಂಗು ಹೋಗು ಅಂತದ, ಗಾಲಿ ಹೋಗ್ತೀನಿ ಅಂತದ,
ಹಿಂದಿಂದ ಯಾರೋ ಅಂಗಿ ಹಿಡದು ಜಗ್ಗಿದಂಗ
ಠಣ್.
ಮುಂದಿನ ತಗ್ಗಿಗೂ ಠಣ್.
'ಸಾಹೇಬ್ರ, ಇದು ಬರೋಬರಿ ಇಲ್ಲ' ಅಂದ ಅಂಬಾರಾಯ.
'ಹೊಡಿ ನೀ' ಅಂದೆ.
ಏಳನೇದಕ್ಕೋ ಎಂಟನೇದಕ್ಕೋ ಕೆಳಗಿನ ಬೋಲ್ಟು ಹರದು
ಶಾಕಪ್ ಜೋತಾಡ್ತು, ಮುರಿದ ತೋಳಿನಂಗ.

ಗೌಸ್ ಉಸ್ತಾದ್ ಲೂನಾ ಮ್ಯಾಲ ಬಂದ, ಸಂಜಿ ಐದಕ್ಕ.
ಅಂಗಾತ ಮಲಗಿ ಒಳಗ ಸರದ, ಅದನ್ನ ಬಿಚ್ಚಿ ತಂದ,
ದಂಡ ಪೂರಾ ಎಳದು ನನ್ನ ಮುಂದ ಹಿಡದ.
'ನೋಡ್ರಿ ಮಾಲಕ್ರ, ಇದರ ಕೈ ಇಷ್ಟೇ ಉದ್ದ.
ಮೊದಲು ಅರ್ಧ ಮಡಚಿಕೊಂಡು ನಿಂತಿರ್ತಿತ್ತು ಆರಾಮಾಗಿ,
ಮ್ಯಾಲ ಹೋಗಾಕೂ ಜಾಗ, ಕೆಳಗ ಹೋಗಾಕೂ ಜಾಗ.
ನೀವು ಎತ್ತರ ಮಾಡಿದ್ರಿ. ಈಗ ನಿಂತಲ್ಲೇ ಕೈ ಚಾಚಿ ನಿಂತದ ಪಾಪ,
ಬಸ್ಸಿನ ರಾಡಿಗೆ ತುದಿಗಾಲಲೆ ಜೋತುಬಿದ್ದ ಗಿಡ್ಡನಂಗ.
ಇನ್ನೂ ಚಾಚು ಅಂದ್ರ ಎಲ್ಲಿಂದ ತರ್ತದ?'
ಬ್ರೇಕಿನ ಪೈಪೂ ತೋರಿಸಿದ. ತಂತಿಯಂಗ ಬಿಗದಿತ್ತು.
'ಇದು ಹರದಿದ್ರ?' ಅಂದ, ಮುಂದ ಹೇಳಲಿಲ್ಲ.

'ಅಂದ್ರ ಕಂಪನಿ ಮಾಲೇ ಖರಾಬು.'
'ಖರಾಬಿಲ್ರಿ. ಒಂದು ಹನಿ ಎಣ್ಣಿ ಬಿಟ್ಟಿಲ್ಲ ಅದು.'

ನಾ ಫರಸಿ ಅಟ್ಟಿ ಮ್ಯಾಲ ಕುಂತಿದ್ದೆ.
ಅಂಬಾರಾಯ ಜೀಪಿನ ಕೆಳಗ ಒಂದು ಕೈಲೆ ಪಾನಾ ಒತ್ತಿ
ಒಂದು ಕೈಲೆ ಟಾರ್ಚ್ ಹಿಡದು
ಕಿವಿಗೂ ಹೆಗಲಿಗೂ ನಡುವ ಫೋನು ಸಿಗಿಸಿಕೊಂಡು
ಯಾರಿಗೋ ಲಾರಿ ಲೆಕ್ಕ ಹೇಳ್ತಿದ್ದ.
ಅಂಗಿ ಬಗಲಾಗ ಬಿಚ್ಚಿತ್ತು.
ಅದನ್ನ್ಯಾಕ ನೋಡಿದೆನೋ.

ಹೈದ್ರಾಬಾದಿಂದ ಉದ್ದನವು ಬಂದ್ವು, ರೇಟು ಕೇಳಬ್ಯಾಡ್ರಿ.
ಈಗ ಗಾಲಿ ತಗ್ಗಿಗೆ ಇಳೀತದ,
ಎಮ್ಮಿ ಹಳ್ಳಕ್ಕ ಇಳದಂಗ, ಸಾವಕಾಶ.
ಹಳೇವು ಮೂರು ಗುಜರಿಗೆ ಹೋದ್ವು.
ಹರದದ್ದನ್ನ ಅಂಬಾರಾಯ ಕೇಳಿದ. 'ಯಾಕೋ?' ಅಂದ್ರ
'ಇರ್ಲಿ ಬಿಡ್ರಿ' ಅಂದ.

ಯುಗಾದಿ ಆಗಿ ಎರಡನೇ ವಾರ
ಅವನ ಮನಿಗೆ ಹೋಗಿದ್ದೆ, ಮೊದಲನೇ ಸಲ.
ತಗಡಿನ ಬಾಗಿಲು. ಹೊರಗ ಬಿರುಗಾಳಿ.
ಒಳಗ ಕೂಸು ಮಲಗಿತ್ತು, ಬಾಗಿಲಿಗೆ ಹತ್ತಿಕೊಂಡೇ ತೊಟ್ಟಲಾ.
ಚೌಕಟ್ಟಿಗೆ ಎರಡು ಕ್ಲಾಂಪು ಜಡದು
ನಮ್ಮ ಶಾಕಪ್ ಕೂಡಿಸಿದ್ದ, ಅರ್ಧ ಮಡಚಿ.
'ಈಗ ಬಡಿಯಂಗಿಲ್ರಿ' ಅಂದ.
ಚಾ ಬಂತು.
ಪಗಾರದ ಮಾತು ಆಡಬೇಕಂತಲೇ ಹೋಗಿದ್ದೆ, ಖರೆ.
ಖಣಿ ಕೀಲಿ ಇಸಕೊಂಡು ಎದ್ದೆ.
ಗಾಳಿ ಒಮ್ಮೆ ಜೋರು ಬೀಸ್ತು.
ನನ್ನ ಬೆನ್ನ ಹಿಂದ ಬಾಗಿಲು
ಎಷ್ಟೋ ಹೊತ್ತು ತಗೊಂಡು
ಸಪ್ಪಳಿಲ್ಲದ ಮುಚ್ಚಿಕೊಂಡ್ತು.