ನಾಳೆ ಬರೆದ ಕಡತ

ಖೊರೋಗ್‌ನ ಜಲಮಾಪನ ಕಚೇರಿಗೆ ಇರುವುದೊಂದೇ ಕಂಪ್ಯೂಟರು,
ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡದು.
ಗ್ರಾಫ್ ಬಿಡಿಸುವ ಲೈಬ್ರರಿ ಇಂಥ ಮುದಿ ಯಂತ್ರಕ್ಕೆ
ಸಿದ್ಧ ಊಟವಾಗಿ ಸಿಗುವುದಿಲ್ಲ.
ದುಶಾನ್ಬೆಯಿಂದ ವ್ಯಾನ್ ಡ್ರೈವರನ ಅಂಗಿಜೇಬಲ್ಲಿ
ಹದಿನಾರು ತಾಸು ಕುಲುಕಾಡಿ ಬಂದ ಪೆನ್‌ಡ್ರೈವಿನಲ್ಲಿ
ಇದ್ದದ್ದು ಬರೀ ಸೋರ್ಸ್ ಕೋಡ್.
ಹಿಟ್ಟು ಕೊಟ್ಟಿದ್ದೇವೆ, ರೊಟ್ಟಿ ನೀನೇ ತಟ್ಟಿಕೋ.

ನಾಳೆ ಹತ್ತಕ್ಕೆ ಆಯೋಗ ಬರುತ್ತದೆ.
ಗುಂಟ್ ನದಿ ಈ ಜೂನಿನಲ್ಲಿ ಹೇಗೆ ಏರಿತೆಂದು ತೋರಿಸಬೇಕು.
ಅಂಕಿಗಳ ಪಟ್ಟಿ ಕೊಟ್ಟರೆ ಚಹಾ ಕೇಳುತ್ತಾರೆ,
ಗೆರೆ ಎಳೆದು ಕೊಟ್ಟರೆ ಕನ್ನಡಕ ಹುಡುಕುತ್ತಾರೆ.

ಮೊದಲ ತಪ್ಪು ಸಂಜೆ ಆರಕ್ಕೆ:
ಅಕ್ಷರ ಮೂಡಿಸುವ ಹೆಡರ್ ಕಡತ ಕಾಣುತ್ತಿಲ್ಲ.
ಇದೆಯಲ್ಲ ಮಾರಾಯ, ಎಂದೆ ಪರದೆಗೆ ಬೆರಳು ಕುಟ್ಟಿ.
ಇತ್ತು, ಒಂದು ಫೋಲ್ಡರ್ ಒಳಗೆ,
ಇವನು ತಟ್ಟಿದ ಬಾಗಿಲಿನ ಪಕ್ಕದ ಬಾಗಿಲಲ್ಲಿ.
ದಾರಿ ಬರೆದುಕೊಟ್ಟೆ. ಹೋದ. ಇನ್ನೊಂದು ಕಡೆ ಎಡವಿದ.

ಎರಡನೆಯದು, ಮೂರನೆಯದು ನೆನಪಿಲ್ಲ.
ಹನ್ನೊಂದನೆಯದರ ಹೊತ್ತಿಗೆ ಇಷ್ಟು ಕಲಿತಿದ್ದೆ:
ಪರದೆ ತುಂಬ ನೂರು ಸಾಲು ಕಿರುಚಿದರೂ
ನಿಜ ನೋವು ಮೊದಲ ಸಾಲಿನದು,
ಉಳಿದದ್ದು ಸಾವಿನ ಮನೆಗೆ ಬಂದ ನೆಂಟರ ಅಳು.

ಒಂಬತ್ತೂವರೆಗೆ ಕರೆಂಟು ಹೋಯಿತು.
ಬಂದ ಮೇಲೆ ಯಂತ್ರ ಬೇರೆಯೇ ಮಾತು ತೆಗೆಯಿತು:
ಈ ಕಡತ ಮುಂದಿನ ಕಾಲದಲ್ಲಿ ಬರೆದದ್ದು.
ಗಡಿಯಾರ ಓರೆಯಾಗಿದೆ. ಕಟ್ಟಡ ಅಪೂರ್ಣವಿರಬಹುದು.
ಕಟ್ಟಿದ್ದನ್ನೇ ಕಟ್ಟಿತು, ಮತ್ತೆ ಬುಡದಿಂದ, ಮತ್ತೆ ಬುಡದಿಂದ.
ನಾನು ಸಂಜೆ ತಿದ್ದಿದ ಸಾಲುಗಳು
ಇನ್ನೂ ಹುಟ್ಟದ ಕೈಯ ಬರಹದ ಹಾಗೆ ನಿಂತಿದ್ದವು.

ನಡುರಾತ್ರಿ ಖುಶ್ನಜರ್ ಬಂದ, ನದಿಯ ಅಳತೆ ಓದಿ,
ಮೊಣಕಾಲವರೆಗೆ ಒದ್ದೆ, ಟಾರ್ಚು ಬಾಯಲ್ಲಿ.
ನೋಟ್‌ಬುಕ್ಕಿನಲ್ಲಿ ಬರೆದು, ಮುಚ್ಚಿ, ಕೇಳಿದ:
ಯಾವ ದಿನ ಅನ್ನುತ್ತೆ ನಿನ್ನ ಯಂತ್ರ?
ಎರಡು ಸಾವಿರದ ಇಸವಿ, ಜನವರಿ ಒಂದು.
ಓ, ಅಂದ. ಅವತ್ತು ಇಲ್ಲೇ ಇದ್ದೆ.
ದಡದಲ್ಲಿ ಮಂಜುಗಡ್ಡೆ. ನೀರು ನಲವತ್ತೊಂದು ಸೆಂಟಿಮೀಟರು.

ಆಮೇಲೆ ಇಳಿದುಹೋಗಿ ಅಂಗಡಿಯ ಓಕಿಲಾಳನ್ನು ಎಬ್ಬಿಸಿ,
ಬೈಗುಳದ ಸಮೇತ, ಒಣ ಹಿಪ್ಪುನೇರಳೆ ತೂಗುವ ತಕ್ಕಡಿಯಿಂದ
ಬಿಲ್ಲೆಯಷ್ಟು ಬ್ಯಾಟರಿ ಬಿಚ್ಚಿ ತಂದ.
ಅವನ ಕೈಗಡಿಯಾರ ನೋಡಿ ಯಂತ್ರಕ್ಕೆ ಹೊತ್ತು ಹೇಳಿದೆ.
ಎಲ್ಲ ಗುಡಿಸಿ, ಮೊದಲಿನಿಂದ ಹಚ್ಚಿದೆ.

ಎರಡು ತಾಸು. ಉಪ್ಪು ಹಾಕಿದ ಹಾಲು ಚಹಾ, ಅದರೊಳಗೆ ಮುರಿದ ರೊಟ್ಟಿ.
ಕೊನೆಯ ಹೊಲಿಗೆಯಲ್ಲಿ ಆನೆ ದಾಟಿ ಬಾಲ ಸಿಕ್ಕಿತು:
ಹೆಸರಿದೆ, ಹೆಸರಿನವನಿಲ್ಲ.
ಕೊಂಡಿ ಹಾಕುವ ಕ್ರಮ ತಲೆಕೆಳಗಾಗಿತ್ತು, ಅಷ್ಟೇ.
ಕರೆಯುವವನು ಮೊದಲು, ಓಗೊಡುವವನು ಆಮೇಲೆ.

ಮೂರು ಇಪ್ಪತ್ತಕ್ಕೆ ಗೆರೆ ಮೂಡಿತು.
ಫಾಂಟ್ ಸಿಗದೆ ಅಕ್ಷರಗಳೆಲ್ಲ ಖಾಲಿ ಚೌಕ,
ತಾರೀಖಿಲ್ಲ, ಅಳತೆಯಿಲ್ಲ, ನದಿಯ ಹೆಸರೂ ಇಲ್ಲ.
ಖುಶ್ನಜರ್ ಉಗುರಿನಲ್ಲಿ ಒಂದೊಂದೇ ಏರು ಮುಟ್ಟಿದ:
ಇದು ಬಿಸಿಲು ಜೋರಾದ ಶುಕ್ರವಾರ,
ಹಗಲಲ್ಲಿ ಕರಗಿದ್ದು ರಾತ್ರಿ ನಮ್ಮ ಸೇತುವೆಗೆ ಬರುತ್ತದೆ.
ಇದು ಓಕಿಲಾಳ ಕುರಿ ಕೊಚ್ಚಿಹೋದ ರಾತ್ರಿ.

ಒಂದು ಕಡೆ ಉಗುರು ನಿಂತಿತು.
ಇಲ್ಲಿ ಇಷ್ಟು ನೆಟ್ಟಗೆ ಯಾಕಿದೆ?
ಅವತ್ತಿನ ಅಂಕಿ ಇಲ್ಲ, ಅಂದೆ,
ಹಿಂದಿನದಕ್ಕೂ ಮುಂದಿನದಕ್ಕೂ ಅದೇ ಸೇರಿಸಿಕೊಳ್ಳುತ್ತೆ.
ಅವತ್ತು ತಮ್ಮನನ್ನು ಮಣ್ಣು ಮಾಡಿ ಬಂದೆವು, ಅಂದ,
ನೀರು ಎಷ್ಟಿತ್ತೋ ನಾನು ನೋಡಲಿಲ್ಲ.
ಗೆರೆಗೆ ಹೇಗೆ ಗೊತ್ತು?

ಆ ತುಂಡನ್ನು ತೆಗೆದು ಮುದ್ರಿಸಿದೆ.
ಖಾಲಿ ಚೌಕಗಳ ಮೇಲೆ ಅವನು ಪೆನ್ನಿನಲ್ಲಿ,
ನೋಟ್‌ಬುಕ್ಕಿನದೇ ಓರೆ ಅಕ್ಷರದಲ್ಲಿ,
ಗುಂಟ್ ಎಂದು ಬರೆದ, ಜೂನ್ ಎಂದು ಬರೆದ.
ಗೆರೆ ಮುರಿದಲ್ಲಿ ಏನೂ ಬರೆಯಲಿಲ್ಲ.