ಜೂನ್ ಒಂದು

ನಲವತ್ತೊಂದು ಮಕ್ಕಳು ಒಂದೇ ದಿನ ಹುಟ್ಟಿದರೇ ಟೀಚರ್,
ಎಂದು ಸರ್ಕಾರಿ ವಕೀಲರು ಕೇಳಿದಾಗ
ಹಿಂದೆ ಯಾರೋ ಕಿಸಕ್ಕೆಂದರು.
ಹೌದು ಸ್ವಾಮಿ. ನಾನೇ ಹುಟ್ಟಿಸಿದೆ,
ನೀಲಿ ಶಾಯಿಯಲ್ಲಿ, ಕಾಟನ್‌ಪೇಟೆ ಶಾಲೆಯ
ಸೋರುವ ಆಫೀಸು ರೂಮಿನಲ್ಲಿ ಕೂತು.
ಯಾವ ತಾಯಿಗೂ ತಾರೀಖು ಗೊತ್ತಿರಲಿಲ್ಲ.
ಗೊತ್ತಿದ್ದದ್ದು ಬೇರೆ:
ಕರಗ ಆದ ಮೂರನೇ ದಿನ,
ಮೆಟ್ರೋದವರು ಗುಂಡಿ ತೋಡೋಕ್ ಮುಂಚೆ,
ಅವರಪ್ಪ ಲಾರಿಯಿಂದ ಬಿದ್ದ ವರ್ಷ.
ಇದಕ್ಕೆಲ್ಲ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಅಂಜಿನಪ್ಪನದು ಇನ್ನೂ ಒಂದು ಹೆಜ್ಜೆ ಮುಂದೆ.
ಮುನಿಚೌಡಮ್ಮ ಅವನನ್ನು ಸೊಂಟದಿಂದ ಇಳಿಸಿ
‘ಒಳಗ್ ಹಾಕ್ಕೊಳ್ಳಿ ಮೇಡಮ್ಮೋರೆ’ ಅಂದಳು.
ನಸುಕಿಗೇ ಕಲಾಸಿಪಾಳ್ಯದಲ್ಲಿ ಟೊಮೇಟೊ ಆರಿಸುವ ಹೆಂಗಸು;
ಕ್ರೇಟುಗಳ ನಡುವೆ ಮಗು ಮಲಗಿಸಿದರೆ ಹೆಗ್ಗಣ.
ಆರಾಗಬೇಕಿತ್ತು. ಐದು ತುಂಬಿತ್ತೋ ಇಲ್ಲವೋ.
ಶಾಲೆಯಲ್ಲಿ ಮಧ್ಯಾಹ್ನ ಬಿಸಿ ಅನ್ನವಿತ್ತು.
ಒಂದು ವರ್ಷ ಸೇರಿಸಿದೆ, ಅಷ್ಟೆ,
ಸಾರಿಗೆ ಒಂದು ಚೊಂಬು ನೀರು ಸೇರಿಸಿದ ಹಾಗೆ.

ಈಗ ಆ ವರ್ಷದ ಲೆಕ್ಕ ಕೇಳುತ್ತಿದ್ದಾರೆ.
ಅದು ಇದ್ದರೆ ಆ ರಾತ್ರಿ ಅವನು ಗಂಡಸು,
ಇಲ್ಲದಿದ್ದರೆ ಹುಡುಗ.
ಹುಡುಗನಾದರೆ ಎಂದೋ ಒಂದು ದಿನ ಗೇಟು ತೆರೆದೀತು.
ಗಂಡಸಾದರೆ, ವಕೀಲರು ಓದುತ್ತಾರೆ,
‘ಉಳಿದ ಸಹಜ ಆಯುಷ್ಯ ಮುಗಿಯುವ ತನಕ,
ಬಿಡುಗಡೆಯ ಅವಕಾಶವಿಲ್ಲದೆ.’
ಸಹಜ ಎಂಬ ಪದ ಎಷ್ಟು ಸಲೀಸು ಅವರ ಬಾಯಲ್ಲಿ.

ವಿಕ್ಟೋರಿಯಾದಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದರಂತೆ.
ಹದಿನೇಳಿರಬಹುದು, ಹತ್ತೊಂಬತ್ತೂ ಇರಬಹುದು
ಎಂದಿತಂತೆ ಮೂಳೆ.
ಮೂಳೆ ನನಗಿಂತ ಪ್ರಾಮಾಣಿಕ.

ಎದುರು ಬೆಂಚಿನಲ್ಲಿ ಹುಚ್ಚೀರಯ್ಯನ ಮಗಳು.
ಗೋಡೌನು ಕಾಯುತ್ತಿದ್ದ ಅಪ್ಪನ ಊಟದ ಕ್ಯಾರಿಯರ್
ಈಗಲೂ ಅವಳ ಮಡಿಲಲ್ಲಿ, ಒಂದು ಕಡೆ ತಗ್ಗಿದೆ.
ಚಾಕು ಹಿಡಿದವನು ಇವನೇ.
ಯಾರೂ ಅಲ್ಲಗಳೆದಿಲ್ಲ, ನಾನೂ.
ಅವಳತ್ತ ನೋಡಲು ಹೋಗಿ
ಗೋಡೆಯ ಗಡಿಯಾರ ನೋಡಿದೆ.

ಕಟಕಟೆಯಲ್ಲಿ ಅವನು ಕಾಲು ಬದಲಿಸುತ್ತಾನೆ,
ಬೋರ್ಡಿನ ಹತ್ತಿರ ನಿಲ್ಲಿಸಿದಾಗಲೂ ಹೀಗೇ.
ಹಸಿವನ್ನು ‘ಅಸಿವು’ ಎಂದು ಬರೆದು
ನನ್ನ ಕೈಯಲ್ಲಿ ಏಟು ತಿಂದವನು.
ಮೀಸೆ ಬಂದಿದೆ. ತೆಳ್ಳಗೆ.

ರಿಜಿಸ್ಟರು ಬಿಡಿಸಿ ಹಿಡಿದರು. ನನ್ನದೇ ದುಂಡಕ್ಷರ.
ಸೇರಿದ ದಿನಾಂಕ ಇದೆ.
ಬಿಟ್ಟ ದಿನಾಂಕ: ಖಾಲಿ.
ಐದನೇ ಕ್ಲಾಸಿನ ದಸರಾ ರಜೆಗೆ ಹೋದವನು
ಟಿ.ಸಿ. ಕೇಳಲೂ ಬರಲಿಲ್ಲ.
ನಾಲ್ಕು ಬೀದಿ ಆಚೆ ಮನೆ.
ನಾನೂ ಹುಡುಕಿಕೊಂಡು ಹೋಗಲಿಲ್ಲ.

ಹಾಗಾದರೆ ಸುಳ್ಳು ಬರೆದಿರಿ?
ಬರೆದೆ.
ಈಗ ಹೇಳುತ್ತಿರುವುದು?

ಫ್ಯಾನು ತಿರುಗುತ್ತಿತ್ತು. ನ್ಯಾಯಾಧೀಶರು
ನನ್ನ ಮಾತನ್ನು ಅವರ ಕನ್ನಡದಲ್ಲಿ ಹೇಳಿ ಬರೆಸಿದರು.
ಟೈಪಿಸ್ಟ್ ಹುಡುಗಿ ಹಾಳೆ ಚಾಚಿದಳು:
ಇಲ್ಲಿ ಸಹಿ ಮಾಡಿ ಅಮ್ಮ, ಕೆಳಗೆ ತಾರೀಖು.

ಇವತ್ತು ಎಷ್ಟು ಎಂದು
ಎರಡು ಸಲ ಕೇಳಿ ಬರೆದೆ.