ನಾಲ್ಕನೇ ಪಾಳಿ

ಖಾತೆ ಪುಸ್ತಕದ ಮೊದಲ ಪುಟದಲ್ಲಿ
ಗೆಲುವು ಸೋಲಿನ ಮಾತೇ ಇಲ್ಲ.
‘ಓಬಳೇಶ, ರಿಂಗ್ ಫ್ರೇಮ್, ಎರಡನೇ ಪಾಳಿ:
ಎರಡು ರೂಪಾಯಿ ಹತ್ತಾಣೆ ಕಡಿತ.’
ಅದರ ಕೆಳಗೆ ಅಪ್ಪನ ದುಂಡು ಅಕ್ಷರ, ಕೆಂಪು ಮಸಿ:
‘ಕಾರಣ: ಹರಿಹರದಲ್ಲಿ ಕಬಡ್ಡಿ ಆಡುತ್ತಿದ್ದ.’

ಅಪ್ಪ ಮಿಲ್ಲಿನ ಟೈಮ್ ಕೀಪರ್.
ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತು
ಬಂದವರಿಗೆ ಗೀಟು, ಬಾರದವರಿಗೆ ಸೊನ್ನೆ.
ಕಪ್ಪು ಗೆದ್ದರೆ ಅದು ಮಾಲೀಕರ ಗಾಜಿನ ಬೀರುವಿಗೆ,
ಸೊನ್ನೆ ಮಾತ್ರ
ಆಡಿದವನ ಮನೆಯ ಹಿಟ್ಟಿನ ಡಬ್ಬಿಗೆ.

ಬ್ಲೋ ರೂಮಿನ ಬಿಳಿ ಧೂಳಿನಲ್ಲಿ
ಉಸಿರು ಹಿಡಿಯಲು ಕಲಿತವರು ಈ ಏಳು ಮಂದಿ.
ಪಿಂಜಾರ ಬುಡೇನ್ ಸಾಬ್ ಗೆರೆ ದಾಟಿದರೆ
ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದು,
ಗೂಡ್ಸ್ ಗಾಡಿ ಪೂರ್ತಿ ಹೋಗಿ,
ಗೇಟು ಎದ್ದು, ಟಾಂಗಾಗಳು ಅತ್ತಿತ್ತ ಆಗುವವರೆಗೂ
ಕಬಡ್ಡಿ ಕಬಡ್ಡಿ ನಿಲ್ಲುತ್ತಿರಲಿಲ್ಲವಂತೆ.
ನಾನು ನೋಡಿಲ್ಲ.
ಹೇಳುವವರು ಹೇಳುತ್ತಾ ತಾವೇ ಉಸಿರು ಬಿಗಿ ಹಿಡಿದದ್ದು
ನೋಡಿದ್ದೇನೆ.

ಒಂದು ದಿನ ಏಳೂ ಮಂದಿ ಮ್ಯಾನೇಜರ ಮುಂದೆ ನಿಂತರು.
‘ಆಡಾಕ ಕೂಲಿ ಕೇಳಂಗಿಲ್ರಿ.
ಆಡಿದ್ದಕ್ಕ ಹೋದ ಕೂಲಿ ಕೊಟ್ಟುಬಿಡ್ರಿ.’
ಮ್ಯಾನೇಜರು ಕನ್ನಡಕ ಒರೆಸಿಕೊಂಡರು:
‘ದುಡ್ಡು ಮುಟ್ಟಿದರೆ ಆಟ ಮೈಲಿಗೆಯಾಗುತ್ತಪ್ಪ.’
ಅದುವರೆಗೆ ಸುಮ್ಮನಿದ್ದವನು ದುರುಗಪ್ಪ,
ಊರ ಹೊರಗಿನ ಕೇರಿಯಿಂದ ಬರುತ್ತಿದ್ದವನು.
‘ಮೈಲಿಗಿ ಅಂದ್ರೇನಂತ
ನನಗೊಬ್ಬಂಗ ಹೇಳಿಕೊಡಬ್ಯಾಡ್ರಿ, ಸಾಹೇಬ್ರ.’

ಆ ರಾತ್ರಿ ಮಂಡಕ್ಕಿ ಭಟ್ಟಿಯ ಬಿಸಿ ಮರಳಿನ ಪಕ್ಕ
ಬೆವರು ಒರೆಸಿಕೊಳ್ಳುತ್ತಾ ಕ್ಲಬ್ಬು ಹುಟ್ಟಿತು.
ಮಿಲ್ಲಿಗೆ ಮೂರು ಪಾಳಿ. ಇದು ನಾಲ್ಕನೆಯದು.
ಹೆಸರು ಇಟ್ಟವರು ಯಾರೆಂದು ಪುಸ್ತಕದಲ್ಲಿಲ್ಲ;
ಒಂದು ಸೇರು ಮಂಡಕ್ಕಿ, ಮೆಣಸಿನಕಾಯಿ, ಎಂಟು ಚಹಾ
ಅಂತಿದೆ.

ಜಿಲ್ಲಾ ಸಂಘದವರು ಕಾಗದ ಕಳಿಸಿದರು:
ಕೂಲಿ ತಂಡದೊಂದಿಗೆ ಯಾರೂ ಆಡಕೂಡದು.
ಅವ್ವ ಹತ್ತಿ ಚೀಲಗಳನ್ನು ಬಿಚ್ಚಿ ಹೊಲಿದು
ಮಾರ್ಕೆಟ್ಟಿನ ಹಿಂದಿನ ಬಯಲಿಗೆ ಗೋಡೆ ಕಟ್ಟಿದಳು.
ಟಿಕೆಟ್ಟು ನಾಲ್ಕಾಣೆ; ಹೆಂಗಸರಿಗೆ ಎರಡಾಣೆ,
ಅದು ಅವಳದೇ ಕಾನೂನು.
ರಾಣೆಬೆನ್ನೂರಿನ ಹುಡುಗರು
ಸುಳ್ಳು ಹೆಸರು ಹೇಳಿಕೊಂಡು ಆಡಲು ಬಂದರು.
ನಾವು ಸೋತೆವು, ಎರಡು ಅಂಕಕ್ಕೆ.
ಆದರೂ ಲಾಟೀನಿನ ಬೆಳಕಲ್ಲಿ ಅಪ್ಪ
ಆಡಲು ಹೋದವರ ಹೆಸರಿನ ಮುಂದೆ
ಮೊದಲ ಸಲ ಗೀಟು ಎಳೆದ.
ಏಳು ಗೀಟು, ಏಳು ಹೆಬ್ಬೆಟ್ಟು.
ವಾರ ಕಳೆಯುವುದರೊಳಗೆ ಮಿಲ್ಲಿನ ಗೇಟಿನ ಕಿಟಕಿಯಲ್ಲಿ
ಬೇರೆ ಯಾರೋ ಕೂತಿದ್ದರು.

ಹದಿನಾಲ್ಕು ವರ್ಷ ನಡೆಯಿತು.
ಕೊನೆಕೊನೆಯ ಪುಟಗಳಲ್ಲಿ ಆಟ ಕಮ್ಮಿ, ಔಷಧಿ ಜಾಸ್ತಿ.
‘ಬುಡೇನ್ ಸಾಬ್, ಕೆಮ್ಮಿಗೆ.’ ‘ಬುಡೇನ್ ಸಾಬ್, ಎಕ್ಸ್‌ರೇ.’
ಒಳಗೆ ಹತ್ತಿ ತುಂಬಿದ ಎದೆ ಅದು.
ದೊಡ್ಡಾಸ್ಪತ್ರೆಯ ಡಾಕ್ಟರು
ಒಂದೇ ಉಸಿರಿನಲ್ಲಿ ಅಂಕಿ ಎಣಿಸು ಅಂದರೆ
ಎಣಿಸಲಿಲ್ಲ ಅವನು.
ಕಬಡ್ಡಿ ಅಂದ. ಕಬಡ್ಡಿ ಅಂದ. ಮೂರನೆಯದು
ತುಟಿಯಲ್ಲಿ ಮಾತ್ರ ಕಂಡಿತು.
ಆ ದಿನದ ಲೆಕ್ಕ ಬರೆದವಳು ನಾನು:
ಒಂದು ಪಾಳಿ. ಪೂರ್ತಿ ಕೂಲಿ.

ಮಿಲ್ಲು ಈಗ ಇಲ್ಲ, ಸೈರನ್ನೂ ಇಲ್ಲ.
ಬಯಲಿನ ಮೇಲೆ ಟೈಲ್ಸ್ ಅಂಗಡಿ.
ಹೋದ ವರ್ಷ ಓಬಳೇಶನ ಜೊತೆ ಹೋಟೆಲಿನಲ್ಲಿ ಕೂತಿದ್ದೆ.
ದೋಸೆಯ ಮೇಲೆ ಬೆಣ್ಣೆ ಕರಗುತ್ತಿತ್ತು,
ಗೋಡೆಯ ಟೀವಿಯಲ್ಲಿ ಹರಾಜು:
ಯಾವನೋ ಹರೆಯದ ಹುಡುಗ, ಕೋಟಿ ದಾಟಿದ.
ಓಬಳೇಶ ತುತ್ತು ಕೈಯಲ್ಲೇ ಹಿಡಿದು
ಬಹಳ ಹೊತ್ತು ನೋಡಿ
ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ:
‘ಪಾಪ, ಎಷ್ಟು ಪಾಳಿ ತಪ್ಪಿದ್ವಂತ ಅವಂಗ?’